ಬರಿ ಬಾಗಿಲು

“ಇದು ರಂಗೋಲಿಯಲ್ಲ, ಬೋರ್ಡು” ಎಂದು ಅತ್ತಿಗೆ ನಾಲ್ಕು ಜನರೆದುರು ಅಂದ ಮಾತನ್ನು ಪೇಂಟರ್ ಇಂದಿಗೂ ನುಂಗಿಕೊಂಡಿಲ್ಲ. ಇಪ್ಪತ್ತೆರಡು ವರ್ಷ ಅಂಗಡಿಗಳ ನೆತ್ತಿಯ ಮೇಲೆ ಅಕ್ಷರ ಬರೆದ ಕೈ ಅವನದು. ಅಳತೆಪಟ್ಟಿ ಇಲ್ಲದೆ ಎಳೆದ ಗೆರೆಯೂ ದಾರ ಹಿಡಿದಂತೆ ಬರುತ್ತಿತ್ತು. ಅಂಥ ಕೈಗೆ ಮನೆಯವರಿಂದಲೇ ಇಂಥ ಬಹುಮಾನ!

ಅವನು ಇದ್ದದ್ದು ಅಣ್ಣನ ಮನೆಯಲ್ಲೇ. “ಮದುವೆ ಕೂಡಿಬರಲಿಲ್ಲ, ಸಿಟ್ಟು ಮಾತ್ರ ಕೂಡಿಬಂತು” ಎಂದು ಅತ್ತಿಗೆ ನಗುತ್ತಿದ್ದರು. ಅವರು ದಿನಾ ಬೆಳಕು ಹರಿಯುವ ಹೊತ್ತಿಗೆ ಬಾಗಿಲ ಮುಂದಿನ ಸಿಮೆಂಟಿಗೆ ನೀರು ಹಾಕಿ, ಚುಕ್ಕಿ ಇಟ್ಟು, ಬಗ್ಗಿದಲ್ಲೇ ಎಳೆ ಬಿಡುವರು. ಮಂಡಿ ಹಿಡಿದುಕೊಂಡ ಮೇಲೆ, ಗೋಡೆಗೆ ಕೈಕೊಟ್ಟು ಏಳುವಾಗಿನ “ಅಮ್ಮಾ” ಎಂಬ ಸಣ್ಣ ನರಳು ಒಳಗೆ ಮಲಗಿದವನ ಕಿವಿಗೆ ಬೀಳುತ್ತಿತ್ತು. ಅತ್ತಿಗೆ ತಂಗಿಯ ಮನೆಗೆ ಹೋಗಿದ್ದ ಒಂದು ಭಾನುವಾರ, ಅವರ ಮೆಚ್ಚಿನ ಏಳು ಚುಕ್ಕಿಯ ರಂಗೋಲಿಯನ್ನೇ ಬಿಳಿ ಎಣ್ಣೆಬಣ್ಣದಲ್ಲಿ ಎರಡು ಕೋಟು ಬರೆದು ಮುಗಿಸಿದ. ಅಕ್ಕಪಕ್ಕದವರು ಬಂದು ನೋಡುತ್ತ ನಿಂತಿದ್ದಾಗಲೇ ಅತ್ತಿಗೆ ಬಂದರು. ಆ ಮಾತು ಅಂದದ್ದು ಆಗಲೇ.

“ನಿಮ್ಮ ಮಂಡಿ ಉಳೀಲಿ ಅಂತ ಬರೆದರೆ ನನಗೇ ಪಾಠ ಹೇಳ್ತೀರಾ? ಹತ್ತು ವರ್ಷ ಗ್ಯಾರಂಟಿ ಇದಕ್ಕೆ!”

“ಗ್ಯಾರಂಟಿ ಕೊಡೋಕೆ ಇದೇನು ಮಿಕ್ಸಿನಾ? ಅಳಿಸೋಕೆ ಬರದೇ ಇರೋದು ಎಂಥ ರಂಗೋಲಿ? ಒರೆಸಿಬಿಡು ಮಹಾರಾಯ.”

ಅಣ್ಣ ಪೇಪರಿನ ಹಿಂದಿನಿಂದಲೇ, “ಇರಲಿ ಬಿಡೇ, ಚೆನ್ನಾಗಿದೆ” ಎಂದ.

“ಒರೆಸಲ್ಲ. ಅದೇನಾಗುತ್ತೋ ನಾನೂ ನೋಡ್ತೀನಿ” ಎಂದವನೇ ಪೇಂಟರ್ ಚಪ್ಪಲಿ ಮೆಟ್ಟಿ ಹೊರಟುಹೋದ.

ಆದದ್ದು ಐದನೇ ತಿಂಗಳಲ್ಲಿ. ಬೆಳಿಗ್ಗೆ ಹಲ್ಲುಜ್ಜುತ್ತ ಕುಸಿದ ಅಣ್ಣ ಮತ್ತೆ ಏಳಲಿಲ್ಲ. ಸಾವಾದ ಮನೆಯ ಮುಂದೆ ರಂಗೋಲಿ ಇರಬಾರದು. ಬರಿ ಬಾಗಿಲು ನೋಡಿಯೇ ಬೀದಿಯವರು ದನಿ ತಗ್ಗಿಸುತ್ತಾರೆ. ಇವರ ಬಾಗಿಲಲ್ಲಿ ಮಾತ್ರ ರಂಗೋಲಿ ಮದುವೆಮನೆಯಂತೆ ಬೆಳ್ಳಗೆ ನಗುತ್ತಿತ್ತು. ಹಾಲಿನವನು ಅದನ್ನು ನೋಡಿ, “ಏನಕ್ಕಾ, ಇವತ್ತು ಯಜಮಾನರಿಗೆ ಕಾಫಿ ಬೇಡ್ವಾ?” ಎಂದು ಗೇಟಿನಿಂದಲೇ ತಮಾಷೆ ಮಾಡಿದ. ಒಳಗಿನ ಅಳು ಕೇಳಿದ್ದೇ ಕ್ಯಾನನ್ನು ಅಲ್ಲೇ ಇಟ್ಟು ತಲೆ ತಗ್ಗಿಸಿದ.

ಅತ್ತಿಗೆ ಮೈದುನನ ಕೈ ಹಿಡಿದು ಒಂದೇ ಮಾತು ಅಂದರು: “ಅವರನ್ನ ಹೊರಗೆ ತರೋದರೊಳಗೆ ಅದನ್ನ ತೆಗೆದುಬಿಡಪ್ಪಾ.”

ಥಿನ್ನರ್ ಸುರಿದ. ತಂತಿ ಬ್ರಷ್ಷಿನಲ್ಲಿ ಉಜ್ಜಿದ. ಬೆರಳ ಗೆಣ್ಣು ಕಿತ್ತು ರಕ್ತ ಬಂತೇ ಹೊರತು ಗೆರೆ ಏಳಲಿಲ್ಲ. ಅಷ್ಟರಲ್ಲಿ ಹೊರುವವರು ಬಂದೇಬಿಟ್ಟರು. ರಂಗೋಲಿ ತುಳಿಯಲು ಕಾಲು ಬಾರದೆ ಒಬ್ಬೊಬ್ಬರೂ ಅಗಲಕ್ಕೆ ಹೆಜ್ಜೆ ಹಾಕಿದರು; ಚಟ್ಟ ವಾಲಿ ಅಣ್ಣನ ತಲೆ ಪಕ್ಕಕ್ಕೆ ಹೊರಳಿತು, ನೆಲವನ್ನು ನೋಡುವಂತೆ.

ಆಮೇಲೆ ಪೇಂಟರ್ ಹದಿನೈದು ದಿನ ಕೆರೆದು ಕೆರೆದು ಬಿಳಿಯ ಹೆಸರಿಲ್ಲದಂತೆ ಮಾಡಿದ. ಅತ್ತಿಗೆ ಮತ್ತೆ ಬಾಗಿಲಿಗೆ ನೀರು ಹಾಕಿದರು. ಸಿಮೆಂಟು ಕಪ್ಪಾಯಿತು. ಎಣ್ಣೆ ಕುಡಿದ ಜಾಗ ಮಾತ್ರ ನೀರು ಕುಡಿಯದೆ ಬಿಳಿಚಿಕೊಂಡಿತು: ಏಳು ಚುಕ್ಕಿ, ಸುತ್ತುವ ಎಳೆ, ಎಲ್ಲ. ನೆಲ ಒಣಗಿದರೆ ಮಾಯ. ಮರುದಿನ ನೀರು ಬಿದ್ದರೆ ಮತ್ತೆ ಹಾಜರು. ಅತ್ತಿಗೆ ಅದರ ಮೇಲೆ ಪುಡಿ ಬಿಡಲಿಲ್ಲ. ಒಳಗೆ ಯಾರೋ ಇನ್ನೂ ಹೊರಗೆ ಬರಬೇಕಿದೆ ಎನ್ನುವಂತೆ ಬದಿಗೆ ಸರಿದು ನಿಲ್ಲುವರು. ಪೇಂಟರಿಗೆ ನೀರಿನ ಸದ್ದು ಕೇಳಿದರೆ ಸಾಕು, ಮುಚ್ಚಿದ ಕಣ್ಣಲ್ಲೂ ಗೆರೆಗಳು ಒಂದೊಂದಾಗಿ ಮೂಡುತ್ತಿದ್ದವು.

ಕೊನೆಗೆ ಸುತ್ತಿಗೆ ತಂದು ಸಿಮೆಂಟನ್ನೇ ಒಡೆದ. “ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು” ಎಂದಳು ಎದುರುಮನೆಯಾಕೆ. ಮುಂಚೆಯಾಗಿದ್ದರೆ ಅವಳ ಜನ್ಮ ಜಾಲಾಡುತ್ತಿದ್ದ. ಈಗ ಒಡೆದ ಚೂರುಗಳನ್ನು ಬಾಣಲೆಗೆ ತುಂಬಿದ. ಹೊಸ ಸಿಮೆಂಟು ಹಾಕಿ, ಗಟ್ಟಿಯಾಗುವವರೆಗೆ ಕಾದು, “ಈಗ ನೀರು ಹಾಕಿ ಅತ್ತಿಗೆ” ಎಂದ.

ಹಾಕಿದರು. ನೆಲ ಒಂದೇ ಬಣ್ಣಕ್ಕೆ ತಿರುಗಿತು. ಏನೂ ಮೂಡಲಿಲ್ಲ.

“ಹೋಯ್ತಲ್ಲ? ಇನ್ನಾದರೂ ನಿಮ್ಮ ರಂಗೋಲಿ ಹಾಕಿ.”

“ಕೆಲಸ ಚೆನ್ನಾಗಿ ಬಂದಿದೆ ಕಣಪ್ಪಾ. ಆದ್ರೆ ಇದು ನನಗೆ ಕೊಡಬೇಕಾದ್ದಲ್ಲ. ನಿಮ್ಮಣ್ಣನಿಗೆ ಒಂದು ದಿನದ ಬರಿ ಬಾಗಿಲು ಕೊಡಬೇಕಿತ್ತು ನೀನು. ಅದನ್ನೀಗ ಯಾರ ಕೈಗೆ ಕೊಡ್ತೀಯ?”

“ನಾನು ಒಳ್ಳೇದಕ್ಕೇ...” ಎಂದು ದನಿ ಏರಿಸಿದ. ಅತ್ತಿಗೆ ಬಕೆಟ್ ಎತ್ತಿಕೊಂಡು ಒಳಗೆ ಹೋಗಿಯಾಗಿತ್ತು.

ಅಂದಿನಿಂದ ಆ ಮನೆಯ ಬಾಗಿಲು ದಿನವೂ ಬರಿದೇ. ಅಷ್ಟೂ ದಿನ ಕೂಡಿಸಿದರೂ ಆ ಒಂದು ದಿನದ ಸಾಲ ತೀರುವುದಿಲ್ಲ.