ಅವರು ಹೇಳಿದ ಸಿನಿಮಾಗಳು

"ಹಾಲು ಸೀದು ಹೋಗ್ತಿದೆ ನೋಡೇ" ಎಂದರು ನನ್ನ ಗಂಡ.

ಒಲೆ ಆರಿತ್ತು. ಹಾಲಿನ ಪಾತ್ರೆಯನ್ನು ತೊಳೆದು ಮಗುಚಿ ಇಟ್ಟಿದ್ದೆ. ಹಾಗೆಂದು ಹೇಳಿದೆ. ಅವರು ಅಡುಗೆಮನೆಯ ಬಾಗಿಲಲ್ಲಿ ಮೂಗು ಅರಳಿಸಿಕೊಂಡು ನಿಂತೇ ಇದ್ದರು. ಬಾಯಿ ಏನನ್ನೋ ಚಪ್ಪರಿಸುತ್ತಿತ್ತು. ಬಾಯೊಳಗೆ ಎಲೆಯಡಿಕೆ ಇರಲಿಲ್ಲ. ಕಣ್ಣು ನನ್ನ ಕಡೆಗಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. "ರೀ" ಎಂದೆ. ಇನ್ನೊಮ್ಮೆ ಜೋರಾಗಿ ಕೂಗಿದೆ. ಆಮೇಲೆ ಬಾವಿಯಲ್ಲಿ ಮುಳುಗಿ ಮೇಲೆದ್ದವರ ಹಾಗೆ ಉಸಿರೆಳೆದುಕೊಂಡು, "ಕಾಫಿ ಆಯ್ತಾ?" ಎಂದರು.

ಅವರು ಕಾಫಿ ಕುಡಿದು ಆಗಲೇ ಲೋಟ ಕೆಳಗಿಟ್ಟಾಗಿತ್ತು.

ನಿದ್ದೆಗೆಟ್ಟಿದ್ದಾರೆ ಅಂದುಕೊಂಡೆ. ಅರಸೀಕೆರೆ ಸ್ಟೇಷನ್ನಿನ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತರು ಅವರು. ಪಾಳಿಯ ಕೆಲಸ. ನಾನು ಹೆಣ್ಣುಮಕ್ಕಳ ಪ್ರೈಮರಿ ಶಾಲೆಯಲ್ಲಿ ಟೀಚರು. ನಮಗೆ ಮಕ್ಕಳಿಲ್ಲ. ಊರಿನವರಿಗೆಲ್ಲ ಅವರು ಶೇಷಣ್ಣ. ಟಿಕೆಟ್ಟಿಗಿಂತ ಹೆಚ್ಚಾಗಿ ಜನ ಅವರ ಹತ್ತಿರ ಕೇಳುತ್ತಿದ್ದದ್ದು ಸಿನಿಮಾ. ರೈಲ್ವೆ ಪಾಸಿನಲ್ಲಿ ಬೆಂಗಳೂರಿಗೋ ಮೈಸೂರಿಗೋ ಹೋಗಿ ಚಿತ್ರ ನೋಡಿ ಬಂದುಬಿಡುತ್ತಿದ್ದರು. ಅದೇ ಚಿತ್ರ ನಮ್ಮೂರಿನ ಟೆಂಟ್ ಸಿನಿಮಾಕ್ಕೆ ಬರುವ ಹೊತ್ತಿಗೆ ಯಾರು ನೋಡಬೇಕು, ಯಾರು ನೋಡಬಾರದು ಅಂತ ಅವರ ತಲೆಯಲ್ಲಿ ತೀರ್ಮಾನ ಆಗಿರುತ್ತಿತ್ತು. ಜ್ವರ ಬಿಟ್ಟವರಿಗೆ ಪಥ್ಯ ಹೇಳುವ ಹಾಗೆ ಹೇಳುತ್ತಿದ್ದರು. ಬಸುರಿಗೆ ಹಾವಿನ ಚಿತ್ರ ಬೇಡ. ಹೊಸದಾಗಿ ಮದುವೆಯಾದವರಿಗೆ ಅತ್ತೆಯ ಕಾಟದ ಚಿತ್ರ ಬೇಡ. ಜಾವಗಲ್ ಕಡೆಯ ರೈತರು ಗಾಡಿ ಕಾಯುತ್ತಾ ಕಿಟಕಿಗೆ ಬಂದರೆ, "ನಿಮಗೆ ಕತ್ತಿ ಕಾಳಗದ್ದು ಸರಿ, ಗುರುವಾರ ಬದಲಾಗತ್ತೆ, ಅಷ್ಟರಲ್ಲಿ ನೋಡ್ಕಳಿ" ಎನ್ನುವರು. ಎಲ್ಲರಿಗೂ ಒಂದೇ ಚಿತ್ರ ಹೇಳಿದ್ದನ್ನು ನಾನು ಕಂಡಿಲ್ಲ.

ನಮ್ಮ ಪಕ್ಕದ ಮನೆ ಕೊಬ್ಬರಿ ಮಂಡಿಯ ರುದ್ರಪ್ಪನವರದು. ಅವರ ಹೆಂಡತಿ ಗೌರಕ್ಕ ನನಗೆ ಸ್ವಂತ ಅಕ್ಕನಿಗಿಂತ ಹೆಚ್ಚು. ಆ ವರ್ಷ ಅವರ ಮಗಳು ಶಾಂತಾ ಹಸುಗೂಸನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಊಟ ಬಿಟ್ಟಿದ್ದಳು. ಗೌರಕ್ಕ ಗೋಡೆಯಾಚೆಯಿಂದ ಕೇಳಿದರು: "ಶೇಷಣ್ಣಾರೆ, ನಮ್ ಹುಡ್ಗೀಗೆ ವಸಿ ಮನಸು ಹಗುರಾಗೋ ಅಂಥದ್ದು ಯಾವ್ದಾದ್ರೂ ಐತಾ?"

"ಈಗ ಬಂದಿರೋದಕ್ಕೇ ಕರಕೊಂಡು ಹೋಗಿ. ಮೊದಲಿಂದ ಕಡೇವರೆಗೂ ನಗು" ಎಂದರು ಇವರು.

ತಾಯಿ ಮಗಳು ಅರ್ಧಕ್ಕೇ ಎದ್ದು ಬಂದರು. ಚಿತ್ರದ ನಡುವೆ ಮಗುವೊಂದು ಹೊಳೆಯಲ್ಲಿ ತೇಲಿ ಹೋಗುತ್ತದೆ. ಶಾಂತಾ ಮಾತನ್ನೂ ನಿಲ್ಲಿಸಿದಳು.

"ಗೊತ್ತಿದ್ದೂ ಗೊತ್ತಿದ್ದೂ ಹೆಂಗೆ ಕಳಿಸಿದ್ರಿ?" ಎಂದು ಗೌರಕ್ಕ ನಮ್ಮ ಬಾಗಿಲಲ್ಲಿ ನಿಂತು ಕೇಳಿದರು. ಇವರು ಮುಖ ಬಿಳಿಚಿಕೊಂಡು, "ಅದರಲ್ಲಿ ಮಗು ಸಾಯೋದಿಲ್ಲ ಗೌರಕ್ಕ. ನಾನು ನೋಡಿದ್ದೀನಿ. ಮಗು ಸಾಯೋದೇ ಇಲ್ಲ" ಎಂದರು. ಮತ್ತೆ ಮತ್ತೆ ಅದನ್ನೇ ಹೇಳಿದರು.

ಗೌರಕ್ಕ ಗೋಡೆಯ ಹತ್ತಿರ ಬರುವುದನ್ನು ಬಿಟ್ಟರು.

ಇವರು ಸುಳ್ಳಾಡಿರಲಿಲ್ಲ. ಅದು ನನಗೆ ಗೊತ್ತಿತ್ತು. ಹಾಗಾದರೆ ಏನು? ಆ ಪ್ರಶ್ನೆಯನ್ನು ನಾನು ಅಲ್ಲಿಗೇ ಬಿಟ್ಟೆ. ಶಾಲೆಗೆ ಹೋದೆ, ಮಗ್ಗಿ ಹೇಳಿಸಿದೆ, ಮನೆಗೆ ಬಂದು ಬಾಗಿಲು ತೆರೆಯುವ ಮುಂಚೆ ಒಳಗಿನ ಸದ್ದಿಗೆ ಕಿವಿ ಕೊಡುವುದನ್ನು ಅಭ್ಯಾಸ ಮಾಡಿಕೊಂಡೆ. ಸೀದ ವಾಸನೆ ಈಗ ಆಗಾಗ ಬರುತ್ತಿತ್ತು, ಅವರೊಬ್ಬರಿಗೇ. ಕೆಲವು ಸಲ ಹಾಲು, ಕೆಲವು ಸಲ ಕೂದಲು. ಬೆಳಗಿನ ಹೊತ್ತು ತಲೆನೋವು, ವಾಂತಿ. ಪಿತ್ತ ಎಂದು ಶುಂಠಿ ಕಷಾಯ ಮಾಡಿ ಕೊಟ್ಟೆ.

ದೀಪಾವಳಿ ಮುಗಿದ ಮೇಲೆ ಟೆಂಟಿಗೆ ಹೊಸ ಚಿತ್ರ ಬಂತು. ಇವರು ಇನ್ನೂ ನೋಡಿರದ ಚಿತ್ರ. ಆ ತಿಂಗಳು ತಲೆನೋವಿನಿಂದ ಊರು ಬಿಟ್ಟು ಹೋಗಿರಲಿಲ್ಲ. ನಾನು ಹೆಂಗಸರ ಕಡೆ ಕೂತಿದ್ದೆ. ನಡುವೆ ಮೋಟುಗೋಡೆ. ಆಚೆ ಬೆಂಚಿನ ಮೇಲೆ ಇವರು. ಅದೇ ಸಾಲಿನ ಕೊನೆಯಲ್ಲಿ ರುದ್ರಪ್ಪನವರು, ಮುಖ ತಿರುಗಿಸಿಕೊಂಡು. ಇಂಟರ್ವಲ್ಲಿನಲ್ಲಿ ಇವರು ಕಡಲೆಕಾಯಿ ಕೊಡಲು ಗೋಡೆಯ ಹತ್ತಿರ ಬಂದರು. ಹಣೆಯಲ್ಲಿ ಬೆವರು.

"ಇದನ್ನ ನಾನು ನೋಡಿದ್ದೀನಿ ಕಣೇ."

"ಎಲ್ಲಿ ನೋಡಿದ್ದೀರಿ? ಈ ವಾರ ತಾನೇ ಬಂದಿರೋದು?"

"ಎಲ್ಲಾ ನೋಡಿದ್ದೀನಿ. ನೀನು ಹೀಗೆ ಕೇಳ್ತಿರೋದೂ."

ಮನೆಗೆ ಹೋಗೋಣ ಎನ್ನಬೇಕು ಅನ್ನುವಷ್ಟರಲ್ಲಿ ದೀಪ ಆರಿತು. ಪರದೆಯ ಮೇಲೆ ಯಾವುದೋ ಹಾಡು ಶುರುವಾಗಿತ್ತು. ಇವರು ಬೆಂಚಿನಿಂದ ಎದ್ದು ನಿಂತದ್ದು ಆ ಬೆಳಕಿನಲ್ಲಿ ಕಾಣಿಸಿತು.

"ಬೆಂಕಿ! ಬೆಂಕಿ ಬಿದ್ದಿದೆ, ಓಡಿ!"

ಬೆಂಕಿ ಇರಲಿಲ್ಲ.

ಶೇಷಣ್ಣ ಹೇಳಿದ ಮೇಲೆ ಯಾರು ತಿರುಗಿ ನೋಡುತ್ತಾರೆ? ಇಡೀ ಟೆಂಟು ಒಮ್ಮೆಗೇ ಎದ್ದಿತು. ಮೋಟುಗೋಡೆ ಹಾರಿ ಬಂದವರು ಹೆಂಗಸರ ಮೇಲೆ ಬಿದ್ದರು. ಮರಳಿನಲ್ಲಿ ಯಾರದೋ ಕಾಲು ನನ್ನ ಬೆನ್ನನ್ನು ತುಳಿದುಕೊಂಡು ಹೋಯಿತು. ಟೆಂಟಿನ ಒಂದು ಕಂಬ ವಾಲಿ ಮೇಲಿನ ಬಟ್ಟೆ ಕೆಳಗೆ ಇಳಿಯಿತು. ಯಂತ್ರ ನಿಲ್ಲಿಸಿ ದೀಪ ಹಾಕಿದಾಗ ಅರ್ಧ ಜನ ಹೊರಗಿದ್ದರು, ಅರ್ಧ ಜನ ನೆಲದ ಮೇಲೆ ನರಳುತ್ತಿದ್ದರು. ಯಾರ ಜೀವವೂ ಹೋಗಲಿಲ್ಲ.

ಬೆಂಕಿ ಇಲ್ಲವೆಂದು ತಿಳಿದ ಮೇಲೆ ಜನ ವಾಪಸು ಬಂದರು. ಈ ಸಲ ಇವರನ್ನು ಹುಡುಕಿಕೊಂಡು. "ಕುಡ್ದವ್ನೆ ಕಣ್ಲಾ, ಎಳ್ಕಳ್ರಲಾ ಆಚೆಗೆ" ಎಂದು ಯಾರೋ ಅರಚಿದರು. ನಾನು ಓಡಿದೆ. ಇವರು ಬೆಂಚುಗಳ ನಡುವೆ ಬಿದ್ದಿದ್ದರು. ಮೈಯೆಲ್ಲ ಸೆಟೆದು ಬಿಲ್ಲಾಗಿತ್ತು. ಕೈಕಾಲು ಬಡಿಯುತ್ತಿತ್ತು. ಬಾಯಲ್ಲಿ ನೊರೆ, ನೊರೆಯಲ್ಲಿ ರಕ್ತ. ಇವರಿಗೆ ಅಡ್ಡಲಾಗಿ ರುದ್ರಪ್ಪನವರು ನಿಂತಿದ್ದರು. ಅವರ ಬಲಗೈ ಭುಜದಿಂದ ಜೋತುಬಿದ್ದಿತ್ತು. ಎಡಗೈ ಎತ್ತಿ ಜನರನ್ನು ತಡೆಯುತ್ತಿದ್ದರು.

"ಮುಟ್ಬ್ಯಾಡ್ರಿ! ಕುಡ್ದಿಲ್ಲ, ಮೂರ್ಛೆ ಬಂದೈತೆ, ಕಾಣಕಿಲ್ವಾ? ಯಾವನಾದ್ರೂ ಕೈ ಎತ್ತಿದ್ರೆ ನನ್ನ ದಾಟ್ಕಂಡು ಹೋಗ್ಬೇಕು."

ರುದ್ರಪ್ಪನವರ ಕೊರಳ ಕೆಳಗಿನ ಮೂಳೆ ಮುರಿದಿತ್ತು ಅಂತ ಮಾರನೆಯ ದಿನ ತಿಳಿಯಿತು. ಇವರ ಕೂಗಿಗೆ ಓಡಿದ ಜನ ಅವರನ್ನು ಬೆಂಚಿನ ಮೇಲೆ ಕೆಡವಿದ್ದರು.

ಬೇಲೂರಿನಿಂದ ನಮ್ಮ ತಂದೆ ಬಂದರು. ಅವರು ದೇವಸ್ಥಾನದ ಪರಿಚಾರಕರು. ತೀರ್ಥ ಪ್ರಸಾದದ ಜೊತೆಗೆ ತಾಯಿತವನ್ನೂ ತಂದಿದ್ದರು. "ಸರೋಜಾ, ಇದು ಗ್ರಹಚಾರ. ಅಳಿಯಂದಿರು ಒಂದು ಮಂಡಲ ನಮ್ಮ ಊರಲ್ಲೇ ಇರಲಿ" ಎಂದರು. ನಮ್ಮೂರಿನ ಡಾಕ್ಟರು ಟಾರ್ಚು ಹಿಡಿದು ಇವರ ಕಣ್ಣಿನೊಳಗೆ ಬಹಳ ಹೊತ್ತು ನೋಡಿದರು. "ಫಿಟ್ಸ್ ಬರೋದಕ್ಕೆ ಒಳಗೆ ಏನೋ ಕಾರಣ ಇದೆ. ನಾಳೆಯ ಗಾಡಿಗೇ ಬೆಂಗಳೂರಿಗೆ ಹೊರಡಿ" ಎಂದರಷ್ಟೆ. ತಾಯಿತ ಕಟ್ಟಿದೆವು. ಗಾಡಿಯನ್ನೂ ಹತ್ತಿದೆವು. ತಂದೆ ಜೊತೆಗೆ ಬಂದರು.

ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕುತ್ತಿಗೆಯ ರಕ್ತನಾಳಕ್ಕೆ ಔಷಧಿ ಚುಚ್ಚಿ ಮತ್ತೆ ಎಕ್ಸ್‌ರೇ ತೆಗೆದರು. ಸರ್ಜನ್ ಆ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಎಡಗಿವಿಯ ಮೇಲೆ, ತಲೆಬುರುಡೆಯ ಒಳಗೆ, ನಿಂಬೆಹಣ್ಣಿನಷ್ಟು ದೊಡ್ಡ ಟ್ಯೂಮರ್.

"ವಾಸನೆ ಬರೋದು, ನೋಡದೇ ಇರೋದನ್ನು ನೋಡಿದ್ದೀನಿ ಅನ್ನೋದು, ಎಲ್ಲ ಅದರದೇ ಕೆಲಸ. ತೆಗೆಯದೇ ಇದ್ದರೆ ಬೆಳೆಯತ್ತೆ" ಎಂದರು.

"ತೆಗೆದರೆ?"

"ಬದುಕಬಹುದು. ಅದು ಮಾತಿನ ಜಾಗದ ಪಕ್ಕದಲ್ಲಿದೆ."

"ಮಾತು ಉಳಿಯತ್ತಾ ಡಾಕ್ಟ್ರೇ?"

ಅವರು ಹಾಳೆಯನ್ನು ಕೆಳಗಿಳಿಸಿದರು. "ಉಳಿದಷ್ಟು ಉಳಿಯತ್ತೆ ತಾಯಿ."

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಇವರ ತಲೆ ಬೋಳಿಸಿದರು. ವಾರ್ಡಿನಲ್ಲಿ ಫಿನಾಯಿಲ್ ವಾಸನೆ. ಇವರಿಗೂ ಅದೇ ವಾಸನೆ ಬರುತ್ತಿದೆಯೋ ಬೇರೆಯದೋ ಎಂದು ಕೇಳಲು ಹೆದರಿಕೆ. ಇವರೇ ನನ್ನ ಕೈ ಹಿಡಿದುಕೊಂಡು ಮಾತು ತೆಗೆದರು.

"ನಾನಿಲ್ದೆ ಹೋದ್ರೆ ಮನೇಲೇ ಕೂತ್ಕೋಬೇಡ. ಸಿನಿಮಾಕ್ಕೆ ಹೋಗು."

"ಬಿಡ್ತು ಅನ್ನಿ."

"ಕೇಳು. ಮೊದಲನೇ ವರ್ಷ ಅಳೋದು ಬೇಡ. ತಮಿಳಿನದೊಂದಿದೆ, ಅಡುಗೆಭಟ್ಟ ಹೋಗಿ ಮದುವೆ ಗಂಡಿನ ಮಣೆ ಮೇಲೆ ಕೂತ್ಕೋತಾನೆ. ಭಾಷೆ ತಿಳೀದಿದ್ರೂ ನಗು ಬರತ್ತೆ. ಆಮೇಲೆ ಒಂದು ಪೌರಾಣಿಕ ನೋಡು, ರಾಕ್ಷಸರು ಕಮ್ಮಿ ಇರೋದು. ಹಿಂದೀಲೊಂದು ಪೂರ್ತಿ ರೈಲಲ್ಲೇ ನಡಿಯತ್ತೆ. ಕಥೆ ಬಿಡು, ಕಿಟಕಿ ಆಚೆ ಊರುಗಳನ್ನ ನೋಡ್ತಾ ಇರು. ಇಂಗ್ಲಿಷಿಂದು ಒಂದು, ಹಿಮದಲ್ಲಿ ಅಂಚೆಯವನು ನಡೀತಾ ಇರ್ತಾನೆ, ಮಾತೇ ಇಲ್ಲ. ಒಂದೇ ಥರದ್ದು ಮಾತ್ರ ನೋಡಬೇಡ, ಮನಸ್ಸು ಜಡ್ಡುಗಟ್ಟತ್ತೆ. ಅಳೋದನ್ನ ಕಡೇಗೆ ಇಟ್ಕೋ. ಅದಕ್ಕೆ ಒಬ್ಬಳೇ ಹೋಗಬೇಡ, ಗೌರಕ್ಕನ್ನ ಕರಕೊಂಡು ಹೋಗು."

"ಗೌರಕ್ಕ ಬರ್ತಾರಾ?"

"ಯಾಕೆ ಬರಲ್ಲ?" ಎಂದರು, ನಿಜವಾಗಿಯೂ ಆಶ್ಚರ್ಯಪಟ್ಟು.

ನಡೆದದ್ದೇನೂ ಅವರ ನೆನಪಿನಲ್ಲಿ ಇರಲಿಲ್ಲ.

ಅವರು ಹೇಳಿದ ಆ ಚಿತ್ರಗಳಲ್ಲಿ ಯಾವುದನ್ನು ಅವರು ಕಣ್ಣಾರೆ ಕಂಡಿದ್ದರು, ಯಾವುದು ತಲೆಯೊಳಗಿನ ಆ ಗಡ್ಡೆ ಹೆಣೆದು ತೋರಿಸಿದ ಚಿತ್ರ, ನನಗೆ ತಿಳಿಯಲಿಲ್ಲ. ಕೇಳಲಿಲ್ಲ. ಆಗಲಿ, ಎಲ್ಲವನ್ನೂ ನೋಡುತ್ತೇನೆ ಎಂದೆ. ವಿಧವೆಯೊಬ್ಬಳು ಟೆಂಟಿನಲ್ಲಿ ಕೂತು ನಗುವುದನ್ನು ಊರು ಸಹಿಸುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಆದರೂ ಹೇಳಿದರು. ನಾನು ಬದುಕಬೇಕು ಎನ್ನುವುದನ್ನು ಅವರು ಬೇರೆ ಯಾವ ರೀತಿಯಲ್ಲಿ ಹೇಳಬಲ್ಲವರಾಗಿದ್ದರು?

ಮಾರನೆಯ ದಿನ ಬೆಳಗ್ಗೆ ಒಳಗೆ ಕರೆದುಕೊಂಡು ಹೋದವರನ್ನು ಹೊತ್ತು ಮುಳುಗುವಾಗ ಹೊರಗೆ ತಂದರು. ತಂದೆ ಕಾರಿಡಾರಿನ ನೆಲದ ಮೇಲೆ ಕೂತು ಜಪ ಮಾಡುತ್ತಲೇ ಇದ್ದರು. ಸರ್ಜನ್ ಬಂದು, ಬಹುಪಾಲು ತೆಗೆದಿದ್ದೇವೆ, ದೊಡ್ಡ ರಕ್ತನಾಳಕ್ಕೆ ಅಂಟಿದ ಚೂರನ್ನು ಬಿಟ್ಟಿದ್ದೇವೆ, ಅದು ಸುಮ್ಮನಿರಲೂಬಹುದು ಎಂದರು. ಮತ್ತೆ ಬೆಳೆಯಲೂಬಹುದು ಎನ್ನುವ ಮಾತನ್ನು ಅವರು ಹೇಳಲಿಲ್ಲ. ನಾನೇ ತಿಳಿದುಕೊಂಡೆ.

ಬ್ಯಾಂಡೇಜು ಸುತ್ತಿದ ತಲೆ. ಊದಿದ ಕಣ್ಣು. ಅದು ತೆರೆದ ದಿನ ನನ್ನನ್ನು ನೋಡಿ ಬಾಯಿ ಆಡಿಸಿದರು. "ಅದು... ಅದು..." ಎಂದರು. ನೀರು ಬೇಕಿತ್ತು. ನೀರು ಎನ್ನುವ ಮಾತು ಸಿಗಲಿಲ್ಲ. ಅಳು ಮಾತ್ರ ಬಂತು.

ಈಗ ಊರಿಗೆ ಬಂದು ಕೆಲವು ತಿಂಗಳಾಗಿವೆ. ಫಿಟ್ಸಿನ ಮಾತ್ರೆ ತಪ್ಪಿಸುವ ಹಾಗಿಲ್ಲ. ಆದರೂ ಎರಡು ಸಲ ಬಂದಿತ್ತು. ಟೆಂಟಿಗೆ ಹೋಗಕೂಡದು, ಮಿಣುಕುವ ಬೆಳಕು ಆಗದು ಎಂದಿದ್ದಾರೆ ಡಾಕ್ಟರು. ಕೆಲಸಕ್ಕೆ ಇನ್ನೂ ಸೇರಿಲ್ಲ. ಸಂಜೆ ನನ್ನ ಶಾಲೆಯ ಸ್ಲೇಟು ತಂದು ಅಕ್ಷರ ತಿದ್ದಿಸುತ್ತೇನೆ. ಮಾತುಗಳು ಒಂದೊಂದಾಗಿ ಬರುತ್ತಿವೆ. ಕೆಲವು ದಾರಿ ತಪ್ಪಿ ಬರುತ್ತವೆ. ಚಮಚಕ್ಕೆ ಬಾಗಿಲು ಎನ್ನುತ್ತಾರೆ, ತಾವೇ ತಲೆಯಲ್ಲಾಡಿಸುತ್ತಾರೆ. ನೋಡಿದ್ದ ಚಿತ್ರಗಳಲ್ಲಿ ಒಂದೂ ನೆನಪಿಲ್ಲ.

ನಾವು ಬಂದ ವಾರವೇ ಗೌರಕ್ಕ ರಾಗಿ ಅಂಬಲಿ ತಂದರು. ಇವರನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡರು. "ರೋಗದ ಮಾತ್ನ ಅವ್ರ ಮಾತು ಅಂದ್ಕಂಡ್ನಲ್ಲ ಸರೋಜಮ್ಮಾ" ಎಂದರು. ರುದ್ರಪ್ಪನವರು ಕೊರಳಿಂದ ಕೈಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಮೇಲೆ ದಿನಾ ಬಂದು ಇವರನ್ನು ಸ್ಟೇಷನ್ ರಸ್ತೆಯವರೆಗೆ ನಡೆಸಿಕೊಂಡು ಹೋಗುತ್ತಾರೆ.

ಶಾಂತಾ ಮಾತ್ರ ಬಹಳ ದಿನ ಬರಲಿಲ್ಲ. ನಾನೂ ಕರೆಯಲಿಲ್ಲ. ಕಳೆದ ಭಾನುವಾರ ತಾನಾಗಿಯೇ ಬಂದು ಜಗಲಿಯಲ್ಲಿ ಇವರ ಎದುರು ಕೂತಳು. ಹಿಂದಿನ ದಿನ ಸಂಜೆ ನಾನೂ ಅವಳೂ ಗೌರಕ್ಕನೂ ಟೆಂಟಿಗೆ ಹೋಗಿದ್ದೆವು. ತಾಯಿಯೊಬ್ಬಳು ಕಳೆದುಹೋದ ಮಗನನ್ನು ಊರೂರು ಹುಡುಕುವ ಚಿತ್ರ. ಕೊನೆಗೆ ಮಗ ಸಿಗುತ್ತಾನೆ. ಸಿಕ್ಕ ಗಳಿಗೆಯಲ್ಲೇ ತಾಯಿ ಅವನ ತೋಳಿನಲ್ಲಿ ಸಾಯುತ್ತಾಳೆ. ಗೌರಕ್ಕನೂ ನಾನೂ ಅತ್ತಿದ್ದೆವು. ಶಾಂತಾ ಅತ್ತಿರಲಿಲ್ಲ.

ಅವಳು ಇವರಿಗೆ ಆ ಕಥೆ ಹೇಳತೊಡಗಿದಳು. ನಿಧಾನವಾಗಿ, ಸಣ್ಣ ಸಣ್ಣ ಮಾತುಗಳಲ್ಲಿ. ಇವರು ಅವಳ ತುಟಿಯನ್ನೇ ನೋಡುತ್ತಾ ಕೇಳಿದರು. ಮಗ ಸಿಕ್ಕ ಜಾಗಕ್ಕೆ ಬಂದಾಗ ಅವಳು ನಿಲ್ಲಿಸಿದಳು.

"ಆ... ಮೇಲೆ?" ಎಂದರು ಇವರು.

ಶಾಂತಾ ನನ್ನ ಕಡೆ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, "ಆಮ್ಯಾಕೆ ಇಬ್ರೂ ಮನೆಗೆ ಹೋದ್ರು ಅಣ್ಣಾ. ಅವ್ವ ರೊಟ್ಟಿ ತಟ್ಟಿದ್ಲು, ಮಗ ಉಂಡ" ಎಂದಳು.

ಇವರ ಮುಖ ಅರಳಿತು. ಬಹಳ ಹೊತ್ತು ಹುಡುಕಿ, "ಒಳ್ಳೇದು" ಎಂದರು.

ನಾನು ಒಳಗೆ ಹೋಗಿ ಮೂವರಿಗೂ ಕಾಫಿಗೆ ನೀರಿಟ್ಟೆ.