ಅಮ್ಮನ ತೊಡೆಯ ಪ್ಲೇಟು

ಬನಶಂಕರಿಯ ನಮ್ಮ ಮನೆಯ ಬಚ್ಚಲಲ್ಲಿ ಅಮ್ಮ ಜಾರಿಬಿದ್ದು ತೊಡೆಮೂಳೆ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಸ್ಟೀಲಿನ ಪ್ಲೇಟು ಕೂರಿಸಿದರು. ವಾಕರ್ ಹಿಡಿದು ಮನೆಯೊಳಗೆ ಮಾತ್ರ ನಡೆಯಬೇಕು ಎಂದರು ಡಾಕ್ಟರು. ಅಮ್ಮ ಅದನ್ನು ವ್ರತದಂತೆ ಪಾಲಿಸಿದಳು.

ಅದೇ ಹೊತ್ತಿಗೆ ಗೊಟ್ಟಿಗೆರೆಯಲ್ಲಿದ್ದ ದೊಡ್ಡಮ್ಮನ ಕಾಯಿಲೆ ಕೈಮೀರಿತು. ಅವರ ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ.

"ಕುರ್ಚಿ ಮೇಲೆ ಕೂರಿಸ್ಕೊಂಡು ಎತ್ಕೊಂಡು ಹೋಗ್ತೀವಿ, ಬಾಮ್ಮ," ಎಂದೆ.

"ಪ್ಲೇಟಿಗೆ ಏನಾದ್ರೂ ಆದ್ರೆ? ಕಾಲು ಸರಿಹೋಗ್ಲಿ, ನಾನೇ ನಡ್ಕೊಂಡು ಹೋಗಿ ಅಕ್ಕನ್ನ ನೋಡ್ತೀನಿ."

ದೊಡ್ಡಮ್ಮ ತೀರಿಕೊಂಡರು. ಅಮ್ಮ ಅವರ ಮುಖವನ್ನು ಕೊನೆಗೆ ನೋಡಿದ್ದು ನನ್ನ ಮೊಬೈಲಿನಲ್ಲಿ.

ಇದಾಗಿ ಕೆಲವೇ ವಾರಕ್ಕೆ, ಸೋಫಾದಿಂದ ಏಳುವಾಗ ಆ ಪ್ಲೇಟು ಒಳಗೇ ಮುರಿಯಿತು. "ನಮಗೆ ಕಾಣದಂಗೆ ಟೆರೇಸ್ ಹತ್ತಿರ್ತಾಳೆ," ಎಂದರು ಅಪ್ಪ.

ಭಾರ ಹೊತ್ತ ಲೋಹದಲ್ಲಿ ಬಿರುಕು ಎಲ್ಲಿ ಹುಟ್ಟಿ ಹೇಗೆ ಬೆಳೆಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಎರಡನೇ ಆಪರೇಷನ್ ಆದಮೇಲೆ ಮುರಿದ ತುಂಡುಗಳನ್ನು ಕೇಳಿ ತಂದೆ. ಅಳತೆ ತೆಗೆದು ಪ್ಲೇಟಿನ ಮಾದರಿ ಕಟ್ಟಿದೆ. ಎಕ್ಸ್‌ರೇಯಲ್ಲಿ ಮೂಳೆ ಕೂಡಿಯೇ ಇರಲಿಲ್ಲ, ಹಾಗಾಗಿ ಪ್ರತಿ ಹೆಜ್ಜೆಯ ಭಾರವೂ ಪ್ಲೇಟಿನ ಮೇಲೇ ಬಿದ್ದಿತ್ತು. ಪರದೆಯ ಮೇಲೆ ಸ್ಕ್ರೂ ತೂತಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟಿತು. ಹೆಜ್ಜೆ ಹೆಜ್ಜೆಗೂ ಒಂದಿಷ್ಟೇ ಬೆಳೆದು, ಕೊನೆಗೆ ಒಮ್ಮೆಲೇ ಅಡ್ಡಡ್ಡ ಓಡಿತು. ಹೆಜ್ಜೆ ಕಡಿಮೆ ಮಾಡಿ ನೋಡಿದೆ. ತಡವಾಗಿ ಮುರಿಯಿತು, ಆದರೆ ಮುರಿಯಿತು.

ಅಪ್ಪನನ್ನೂ ಕೂರಿಸಿಕೊಂಡು ಅಮ್ಮನಿಗೆ ಹೇಳಿದೆ. "ನಿಂದೇನೂ ತಪ್ಪಿಲ್ಲಮ್ಮ. ಮೂಳೆ ಕೂಡ್ಲಿಲ್ಲ, ಅದಕ್ಕೇ ಮುರೀತು. ನೀನು ಎಷ್ಟು ಹುಷಾರಾಗಿದ್ರೂ ಮುರೀತಿತ್ತು."

ಅಪ್ಪ ತಲೆ ತಗ್ಗಿಸಿದರು. ಅಮ್ಮನ ಮುಖ ಅರಳುತ್ತದೆಂದು ಕಾದೆ.

"ಎಷ್ಟು ಹುಷಾರಾಗಿದ್ರೂನಾ?"

"ಹೂಂ."

"ಹಂಗಾದ್ರೆ ಅಕ್ಕನ್ನ ನೋಡಕ್ಕೆ ಹೋಗಬಹುದಿತ್ತು."

ಆಗ ಅದು ಯಾರಿಗೂ ಗೊತ್ತಿರಲಿಲ್ಲವಲ್ಲ ಎಂದು ಏನೇನೋ ಹೇಳಿದೆ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ನಾನು ಆ ಲೆಕ್ಕ ಹಾಕದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅಂದು ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಎರಡನೇ ಸಲ ಮೂಳೆ ಕೂಡಿತು. ಈಗ ಅಮ್ಮ ಸ್ವಲ್ಪ ಕುಂಟುತ್ತಾ ಒಬ್ಬಳೇ ತರಕಾರಿ ತರುತ್ತಾಳೆ, ಟೆರೇಸ್ ಹತ್ತಿ ಬಟ್ಟೆ ಒಣಹಾಕುತ್ತಾಳೆ. ದೊಡ್ಡಮ್ಮನ ಮಗಳು ವರ್ಷದ ತಿಥಿಗೆ ಕರೆಯಲು ಬಂದಾಗ ಮಾತ್ರ, "ಮೆಟ್ಟಿಲು ಹತ್ತಕ್ಕಾಗಲ್ಲ ಕಣೇ," ಎಂದಳು. ಅಪ್ಪನೂ ನಾನೂ ಹೋಗಿಬಂದೆವು.