ಖಾಲಿ ಕೋಣೆಯ ಟಿಕ್ ಟಿಕ್

ಬೆಳಕು ಆಗಷ್ಟೇ ಹರಿಯುತ್ತಿದೆ. ನಂಜನಗೂಡಿನ ಕಾಲೇಜೊಂದರ ಭೌತವಿಜ್ಞಾನ ಲ್ಯಾಬಿನಲ್ಲಿ ಅಟೆಂಡರ್ ಚನ್ನಾಜಮ್ಮ ಸೆರಗು ಸಿಕ್ಕಿಸಿಕೊಂಡು ಸೀಸದ ಇಟ್ಟಿಗೆ ಜೋಡಿಸುತ್ತಿದ್ದಾರೆ. ಗಾಮಾ ಕಿರಣ ಸೂಸುವ ಚೂರು ಇನ್ನೂ ಸೀಸದ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಆದರೂ ಮೇಜಿನ ಮೇಲಿನ, ಕಿರಣ ಬಡಿದಾಗಲೆಲ್ಲ ಸದ್ದು ಮಾಡುವ ಎಣಿಕೆ ಯಂತ್ರ ಟಿಕ್ ಎನ್ನುತ್ತದೆ. ಸುಮ್ಮನಾಗುತ್ತದೆ. ಮತ್ತೆ ಟಿಕ್. ನಮ್ಮಿಬ್ಬರನ್ನು ಬಿಟ್ಟರೆ ಕೋಣೆಯಲ್ಲಿ ಬೇರೊಂದು ನರಪಿಳ್ಳೆಯೂ ಇಲ್ಲ.

"ಮೊದಮೊದ್ಲು ಎದೆ ಜಲ್ ಅಂತಿತ್ತು ಸಾ. ನೆಲ, ಗೋಡೆ, ಆಕಾಸ ಎಲ್ಲಾದ್ರಿಂದ್ಲೂ ಒಸಿ ಕಿರಣ ಬತ್ತದೆ ಅಂತ ಮೇಡಮ್ಮೋರು ಯೋಳುದ್ರು. ಈಗ ಅದ್ರ ಜೊತೇಲೇ ಕಸ ಗುಡಿಸ್ತೀನಿ" ಎನ್ನುತ್ತಾರೆ.

ಚನ್ನಾಜಮ್ಮ ಹತ್ತಿರದ ಹದಿನಾರು ಗ್ರಾಮದಿಂದ ಮೊದಲ ಬಸ್ಸಿಗೆ ಬರುತ್ತಾರೆ. ಅವರು ಜೋಡಿಸಿದ ಇಟ್ಟಿಗೆಗಳ ನಡುವೆ ಗಾಮಾ ಕಿರಣ ಸೀಸಕ್ಕೆ ಬಡಿದು ಚದುರುವುದನ್ನು ವಿದ್ಯಾರ್ಥಿಗಳು ಅಳೆಯುತ್ತಾರೆ. ಪರಮಾಣುವಿನ ನ್ಯೂಕ್ಲಿಯಸ್ಸಿನ ಬಳಿಯ ಬರಿದಾದ ಜಾಗವೂ ಕಿರಣವನ್ನು ತುಸು ಚದುರಿಸುತ್ತದಂತೆ. ಏನೂ ಇಲ್ಲವೆನ್ನುವಲ್ಲಿ ಎರಡು ಕಣ ಮೂಡಿ, ತಕ್ಷಣ ಮಾಯವಾಗಿ, ಕಿರಣದ ದಾರಿ ತಿರುಗಿಸುತ್ತವೆ. ಅದನ್ನು ಹಿಡಿಯುವ ಸಲಕರಣೆ ಇಲ್ಲಿಲ್ಲ, ಪಾಠ ಮಾತ್ರ ಇದೆ. ಉಪನ್ಯಾಸಕಿ ತೇಜಸ್ವಿನಿ ವಿವರಿಸುವಾಗ ಕೇಳಿದವರ ಮೈ ಜುಮ್ಮೆನ್ನುತ್ತದೆ.

ಕಳೆದ ಆಷಾಢದಲ್ಲಿ ಟಿಕ್ ಟಿಕ್ ಇದ್ದಕ್ಕಿದ್ದಂತೆ ಜಾಸ್ತಿಯಾಯಿತು. ಪೆಟ್ಟಿಗೆ ಸೋರುತ್ತಿದೆಯೆಂದು ಎಲ್ಲರೂ ಹೌಹಾರಿದರು. ಕಾರಣ ಸಿಗದಿದ್ದರೆ ಲ್ಯಾಬು ಮುಚ್ಚುತ್ತದೆ, ಚನ್ನಾಜಮ್ಮನ ಗುತ್ತಿಗೆ ಕೆಲಸವೂ ಹೋಗುತ್ತದೆ. ಗಂಡ ಪುಟ್ಟಬಸವಯ್ಯ ತೀರಿಕೊಂಡು ಆಗ ತಿಂಗಳಷ್ಟೇ ಆಗಿತ್ತು.

"ಅವ್ರೇ ಬಂದವ್ರೆ ಅನ್ನಿಸ್ತಿತ್ತು. ಯಾರ್ ತಾವ ಯೋಳಾನ?"

ತೇಜಸ್ವಿನಿ ಕಿರಣ ಅಳೆಯುವ ಕೈಮೀಟರ್ ಹಿಡಿದು ಸುತ್ತಿದರು. ಪೆಟ್ಟಿಗೆಯ ಬಳಿ ಎಲ್ಲ ಮಾಮೂಲಿ. ಯಂತ್ರದ ಪಕ್ಕದ ಬೀರುವನ್ನು ಸಮೀಪಿಸಿದ್ದೇ ಮೀಟರ್ ಕಿರುಚಿತು. ಒಳಗೆ ಒಂದು ಬಿಸ್ಕತ್ ಡಬ್ಬಿ, ಡಬ್ಬಿಯ ತುಂಬ ಗ್ಯಾಸ್‌ಲೈಟಿನೊಳಗೆ ಉರಿಯುವ ಬಟ್ಟೆಯ ಮ್ಯಾಂಟಲ್‌ಗಳು. ಹಳೆಯ ಮ್ಯಾಂಟಲ್‌ಗಳಲ್ಲಿ ಥೋರಿಯಂ ಇರುತ್ತಿತ್ತು; ಅದರಿಂದಲೂ ಗಾಮಾ ಕಿರಣ ಹೊರಡುತ್ತದೆ. ಪುಟ್ಟಬಸವಯ್ಯ ಮದುವೆ ಮೆರವಣಿಗೆಗಳಿಗೆ ಗ್ಯಾಸ್‌ಲೈಟ್ ಹೊರುತ್ತಿದ್ದವರು. ಮನೆಯಲ್ಲಿ ಡಬ್ಬಿ ಕಂಡರೆ ಅಳು ಬರುತ್ತದೆಂದು, ಎಸೆಯಲೂ ಮನಸ್ಸಾಗದೆ ಚನ್ನಾಜಮ್ಮ ಇಲ್ಲಿ ತಂದಿಟ್ಟಿದ್ದರು.

ಕೆಲಸ ಉಳಿಯಿತು. ತೇಜಸ್ವಿನಿ ಬೈಯಲಿಲ್ಲ, ಡಬ್ಬಿಯನ್ನು ಸೀಸದ ಇಟ್ಟಿಗೆಗಳ ಹಿಂದೆ ಎತ್ತಿಟ್ಟರು. ಇವತ್ತು ವಿಲೇವಾರಿಯವರು ಅದನ್ನು ಒಯ್ಯುತ್ತಾರೆ; ಅದಕ್ಕೆಂದೇ ತೇಜಸ್ವಿನಿಯೂ ಈಗ ಬಂದಿದ್ದಾರೆ.

"ತಕ್ಕೊಂಡೋಗ್ಲಿ ಮೇಡಮ್ಮೋರೆ, ಬ್ಯಾಡ ಅನ್ನಾಕಿಲ್ಲ. ಓಗೋಕ್ ಮುಂಚೆ ಒಂದ್ಸಲ ಮಿಸೀನ್ ಮುಂದೆ ಮಡಗಿ."

ತೇಜಸ್ವಿನಿ ಡಬ್ಬಿಯನ್ನು ಯಂತ್ರದ ಮುಂದಿಡುತ್ತಾರೆ. ಖಾಲಿ ಕೋಣೆ ಬಿಡುವಿಲ್ಲದೆ ಟಿಕ್ಕೆನ್ನತೊಡಗುತ್ತದೆ. ಚನ್ನಾಜಮ್ಮ ಪೊರಕೆ ಕೆಳಗಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು ಕೇಳುತ್ತಾರೆ. ಕಣ್ಣು ತುಂಬಿದ್ದರೂ ನಗು ಬರುತ್ತದೆ.

"ಬದುಕಿದ್ದಾಗ ಇಷ್ಟು ಮಾತಾಡ್ತಿರ್ನಿಲ್ಲ ಕಣ್ರೀ."